ಘೋಸ್ಟ್‌ಫೇಸರ್ಸ್ ಎಪಿಸೋಡ್: ಕಾರ್ಬೆಟ್ ಸತ್ತ ಮೇಲೂ ನಿಮಗೆ ನಗು ಬಂತಾ?

ಎಡಿಟ್‌ಮೇಜು ಬರೆದದ್ದು:

ಅಮೆರಿಕದ ದೆವ್ವದ ಟೀವಿ ಸರಣಿ ಸೂಪರ್‌ನ್ಯಾಚುರಲ್, ಮೂರನೇ ಸೀಸನ್, 13ನೇ ಎಪಿಸೋಡ್. ಕಥೆ ಪೂರ್ತಿ ಬಿಚ್ಚಿಡಬೇಕಾಗುತ್ತದೆ, ಹಾಗಾಗಿ ನೋಡದವರು ನೋಡಿಕೊಂಡು ಬನ್ನಿ.

ಮೊದಲ ಸಲ ಇದನ್ನು ನೋಡಿದ್ದು ನನ್ನ ತಮ್ಮನ ಜೊತೆ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಗ್ಯಾರೇಜಿನಲ್ಲಿ ಕೂತು ಘೋಸ್ಟ್‌ಫೇಸರ್ಸ್ ಅನ್ನುವ ಸ್ವಂತ ದೆವ್ವದ ರಿಯಾಲಿಟಿ ಶೋ ಮಾಡಲು ಹೊರಟ ಎಡ್ ಮತ್ತು ಹ್ಯಾರಿ, ಎಡ್‌ನ ತಂಗಿ ಮ್ಯಾಗಿ, ಕ್ಯಾಮೆರಾ ಹಿಡಿಯುವ ಸ್ಪ್ರೂಸ್, ಇಂಟರ್ನ್ ಆಗಿ ಸೇರಿದ ಕಾರ್ಬೆಟ್. ನಾಲ್ಕು ವರ್ಷಕ್ಕೊಮ್ಮೆ, ಫೆಬ್ರವರಿ 29ರಂದು ಮಾತ್ರ ದೆವ್ವ ಏಳುವ ಮಾರ್ಟನ್ ಹೌಸ್. ನಾವು ನೋಡುವುದೆಲ್ಲ ಈ ಐದು ಜನರ ಕ್ಯಾಮೆರಾ ಕಂಡದ್ದನ್ನೇ. ಅಷ್ಟು ದಿನ ನಮ್ಮ ನಾಯಕರಾಗಿದ್ದ, ದೆವ್ವ ಬೇಟೆಯಾಡುವ ಅಣ್ಣತಮ್ಮಂದಿರು ಸ್ಯಾಮ್, ಡೀನ್ ಇಲ್ಲಿ ಪೊಲೀಸರ ಸೋಗಿನಲ್ಲಿ ಟಾರ್ಚ್ ಹಿಡಿದು ನುಗ್ಗುತ್ತಾರೆ, ಬಾಯಿ ತೆರೆದರೆ ಬೀಪ್. ಬೇರೆಯವರ ಕ್ಯಾಮೆರಾಕ್ಕೆ ಇವರಿಬ್ಬರು ಎಷ್ಟು ಒರಟರಾಗಿ ಕಾಣುತ್ತಾರೆ ಅನ್ನುವುದೇ ಅರ್ಧ ಹಾಸ್ಯ.

ಆಮೇಲೆ ಕಾರ್ಬೆಟ್‌ನನ್ನು ದೆವ್ವ ಎಳೆದುಕೊಂಡು ಹೋಗುತ್ತದೆ. ಫ್ರೀಮನ್ ಡ್ಯಾಗೆಟ್ ಅನ್ನುವವನ ದೆವ್ವ. ಬದುಕಿದ್ದಾಗ ಶವಗಳನ್ನು ಮನೆಗೆ ತಂದು, ಟೋಪಿ ಹಾಕಿ, ತನ್ನ ಹುಟ್ಟುಹಬ್ಬದ ಮೇಜಿಗೆ ಕೂರಿಸಿಕೊಂಡವನು ಅವನು. ಅದೇ ಮೇಜಿನಲ್ಲಿ ಕಾರ್ಬೆಟ್ ಸಾಯುತ್ತಾನೆ. ಪಕ್ಕದಲ್ಲಿ ಕಟ್ಟಿಹಾಕಿದ ಸ್ಯಾಮ್‌ಗೆ ಏನೂ ಮಾಡಲಾಗುವುದಿಲ್ಲ. ಕಾರ್ಬೆಟ್‌ಗೆ ಎಡ್ ಮೇಲೆ ಮನಸ್ಸಿತ್ತು ಅನ್ನುವುದು ಹುಡುಗ ಸತ್ತ ಮೇಲೆ ಎಲ್ಲರ ಬಾಯಿಗೆ ಬರುತ್ತದೆ. ಅವನ ದೆವ್ವ ತನ್ನ ಸಾವನ್ನೇ ಮತ್ತೆ ಮತ್ತೆ ಅನುಭವಿಸುತ್ತ ಸಿಕ್ಕಿಬಿದ್ದಾಗ, ಅವನನ್ನು ಎಚ್ಚರಿಸಲು ಎಡ್ ಪ್ರೀತಿಯ ಮಾತಾಡಬೇಕು, ಸತ್ತ ಆ ಪಾಪದ ಇಂಟರ್ನ್‌ಗೋಸ್ಕರ ನೀನು ಗೇ ಆಗಬೇಕು ಎಂದು ಹ್ಯಾರಿ ನೂಕುತ್ತಾನೆ. ಆ ಸಾಲಿಗೆ ನಾನೂ ನನ್ನ ತಮ್ಮನೂ ಜೋರಾಗಿ ನಕ್ಕಿದ್ದೆವು.

ಹೋದ ವಾರ ಒಬ್ಬಳೇ ಕೂತು ಮತ್ತೆ ನೋಡಿದೆ. ಆ ಸಾಲಿಗೆ ನಗು ಬರಲಿಲ್ಲ. ಎಡ್ ಮಾತು ಶುರು ಮಾಡುವುದು ಉಪಾಯವಾಗಿ, ಆದರೆ ನಡುವೆ ಎಲ್ಲೋ ಅವನ ದನಿ ಬದಲಾಗುತ್ತದೆ, ಕೇಳಿಸಿಕೊಂಡು ನೋಡಿ. ಅಲ್ಲಿ ನಟನೆ ಇಲ್ಲ.

ನಾನು ವಿಡಿಯೋ ಎಡಿಟಿಂಗ್ ಮಾಡಿ ಬದುಕುವವಳು. ಹಾಗಾಗಿ ನನ್ನ ತಲೆಯಲ್ಲಿ ಸುತ್ತುತ್ತಿರುವ ವಿಷಯ ಬೇರೆ. ಕಥೆಯ ಪ್ರಕಾರ ಈ ಎಪಿಸೋಡನ್ನು ಕತ್ತರಿಸಿ ಜೋಡಿಸಿದವರು ಎಡ್, ಹ್ಯಾರಿ. ಅಂದರೆ ಗೆಳೆಯ ಸತ್ತ ಮೇಲೆ ಅವರು ಗ್ಯಾರೇಜಿಗೆ ವಾಪಸು ಬಂದು, ಗಂಟೆಗಟ್ಟಲೆ ಫುಟೇಜ್ ಮುಂದೆ ಕೂತು, ಯಾವುದು ಇರಬೇಕು ಯಾವುದು ಹೋಗಬೇಕು ಎಂದು ಒಂದೊಂದೇ ಶಾಟ್ ನೋಡಿದ್ದಾರೆ. ಶೀರ್ಷಿಕೆಗೆ ಸಂಗೀತ ಹಾಕಿದ್ದಾರೆ. ಕಾರ್ಬೆಟ್ ಕದ್ದು ಎಡ್ ಕಡೆ ನೋಡುವ ಎರಡು ಮೂರು ಶಾಟ್ ಇವೆಯಲ್ಲ, ಅವನ್ನು ತೆಗೆದುಹಾಕಬಹುದಿತ್ತು. ತೆಗೆದಿಲ್ಲ. ಕೊನೆಯಲ್ಲಿ ಆ ವಿಡಿಯೋ ನೋಡಿದ ಸ್ಯಾಮ್, ನೀವು ಕಾರ್ಬೆಟ್‌ನ ನೆನಪನ್ನು ಗೌರವಿಸಿದ್ದೀರಿ, ಅವನು ಸತ್ತ ರೀತಿಯನ್ನು ಬಂಡವಾಳವನ್ನಾಗಿಯೂ ಮಾಡಿಕೊಂಡಿದ್ದೀರಿ, ಎರಡನ್ನೂ ಒಟ್ಟಿಗೆ ಹೇಗೆ ಮಾಡಿದಿರೋ ಎಂಬರ್ಥದ ಮಾತು ಹೇಳುತ್ತಾನೆ. ಅವನು ಚುಚ್ಚಲು ಹೇಳಿದ್ದು. ನಾನು ಅದನ್ನೇ ನಿಜವಾದ ಪ್ರಶ್ನೆಯಾಗಿ ಕೇಳುತ್ತಿದ್ದೇನೆ: ಇದು ಗೌರವವೋ, ಬಂಡವಾಳವೋ? ನಿಮಗೆ ಹೇಗೆ ಕಂಡಿತು?

ಹಳೇಸೀಸನ್ ಬರೆದದ್ದು:

ಬಂಡವಾಳ. ನನಗೆ ಅನುಮಾನವೇ ಇಲ್ಲ. ಆದರೆ ಅದನ್ನು ಬಂಡವಾಳ ಅಂತ ತೋರಿಸೋದೇ ಎಪಿಸೋಡ್‌ನ ಉದ್ದೇಶ, ಅದಕ್ಕೇ ನನಗೆ ಇಷ್ಟ.

ಯಾವಾಗ ಬಂತು ಅನ್ನೋದನ್ನ ನೆನಪಿಸಿಕೊಳ್ಳಿ. 2007ರ ನವೆಂಬರ್ 5ಕ್ಕೆ ಅಮೆರಿಕದ ಚಿತ್ರಕಥೆಗಾರರ ಸಂಘ ಮುಷ್ಕರ ಶುರು ಮಾಡ್ತು, ಮುಗಿದಿದ್ದು 2008ರ ಫೆಬ್ರವರಿ 12ಕ್ಕೆ. ಮೂರನೇ ಸೀಸನ್ 22 ಎಪಿಸೋಡ್ ಆಗಬೇಕಿತ್ತು, 16ಕ್ಕೇ ನಿಂತುಹೋಯ್ತು. ಫೆಬ್ರವರಿ 21ಕ್ಕೆ 12ನೇ ಎಪಿಸೋಡ್ ಬಂದಿದ್ದು, ಆಮೇಲೆ ಎರಡು ತಿಂಗಳು ಏನೂ ಇಲ್ಲ. ಏಪ್ರಿಲ್ 24ಕ್ಕೆ ವಾಪಸು ಬಂದಾಗ ಮೊದಲು ಬಂದಿದ್ದೇ ಇದು. ಬರಹಗಾರರೇ ಬೇಡದ ರಿಯಾಲಿಟಿ ಶೋ ಅಂತ ವೇಷ ಹಾಕಿಕೊಂಡು, ಒಬ್ಬ ಒಳ್ಳೇ ಬರಹಗಾರ ಅಕ್ಷರ ಅಕ್ಷರ ಬರೆದ ಎಪಿಸೋಡ್. ಬೆನ್ ಎಡ್ಲಂಡ್ ಬರೆದಿದ್ದು. ಶುರುವಿನಲ್ಲೇ ಎಡ್, ಹ್ಯಾರಿ ಕ್ಯಾಮೆರಾ ಮುಂದೆ ನಿಂತು ಮುಷ್ಕರದ ಮಾತೆತ್ತಿ, ನಮ್ಮಂಥವರಿದ್ದಾಗ ಬರಹಗಾರರು ಯಾಕೆ ಬೇಕು ಅನ್ನೋ ಧಾಟಿಯಲ್ಲಿ ಮಾತಾಡ್ತಾರೆ. ಮುಷ್ಕರದ ತಿಂಗಳುಗಳಲ್ಲಿ ಚಾನೆಲ್‌ಗಳು ರಿಯಾಲಿಟಿ ಶೋ ತುಂಬಿಸಿದ್ದನ್ನ ನೋಡಿದವರ ಸಿಟ್ಟು ಅದು. ಒಬ್ಬ ಹುಡುಗ ಸತ್ತರೂ ಕ್ಯಾಮೆರಾ ಆಫ್ ಮಾಡದ ಜನ, ಅನ್ನೋದೇ ಅಲ್ಲಿ ಚಾಟಿ.

ಇನ್ನೊಂದು ವಿಷಯ. ಎಡ್, ಹ್ಯಾರಿ ಮೊದಲು ಬಂದಿದ್ದು ಮೊದಲನೇ ಸೀಸನ್ನಿನ ಹೆಲ್ ಹೌಸ್ ಎಪಿಸೋಡ್‌ನಲ್ಲಿ, 2006. ಅಲ್ಲೂ ಹೆಸರು ಮಾಡಬೇಕು ಅನ್ನೋದೇ ಗುರಿ. ಕೊನೆಗೆ ಸ್ಯಾಮ್ ಹಾಲಿವುಡ್ ನಿರ್ಮಾಪಕ ಅಂತ ಫೋನ್ ಮಾಡಿ ನಂಬಿಸಿದರೆ ಹಿಂದೆಮುಂದೆ ನೋಡದೆ ಗಂಟುಮೂಟೆ ಕಟ್ಟಿಕೊಂಡು ಹೊರಟೇಬಿಡ್ತಾರೆ. ಇವರು ಎಡಿಟ್ ಮಾಡುವಾಗ ಅತ್ತಿರಬಹುದು ಅಂತ ನನಗೆ ಅನ್ನಿಸೋದಿಲ್ಲ, ಕ್ಷಮಿಸಿ.

ಮೂರನೇಬಾಗಿಲು ಬರೆದದ್ದು:

ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾನು ಗೇ. ಈ ಎಪಿಸೋಡ್ ನೋಡಿದಾಗ ನನಗೆ ಹದಿನೇಳು ವರ್ಷ, ಯಾರಿಗೂ ಹೇಳಿರಲಿಲ್ಲ.

ನಾನು ಆಗ ನೋಡುತ್ತಿದ್ದ ಯಾವ ದೆವ್ವದ ಸರಣಿಯಲ್ಲೂ ನನ್ನಂಥವನೊಬ್ಬ ಇರಲಿಲ್ಲ. ಕಾರ್ಬೆಟ್ ಎಡ್ ಕಡೆ ನೋಡಿದ ಮೊದಲ ಶಾಟ್‌ನಲ್ಲೇ ನನಗೆ ಗೊತ್ತಾಯಿತು. ನನ್ನ ಜೊತೆ ನೋಡುತ್ತಿದ್ದವರಿಗೆ ಗೊತ್ತಾಗಲಿಲ್ಲ. ಅಷ್ಟು ಹೊತ್ತು ಅದು ನನಗೂ ಅವನಿಗೂ ಮಾತ್ರ ಗೊತ್ತಿರುವ ಗುಟ್ಟಿನಂತೆ ಇತ್ತು. ಆಮೇಲೆ ಅವನು ಸತ್ತ. ಹ್ಯಾರಿ ಆ ಮಾತು ಹೇಳಿದ. ಕೋಣೆಯಲ್ಲಿದ್ದವರೆಲ್ಲ ನಕ್ಕರು, ಅವರ ಜೊತೆ ನಾನೂ ನಗಬೇಕಾಯಿತು.

ಅದು ಇನ್ನೂ ನೋಯುತ್ತದೆ. ಬದುಕಿದ್ದಾಗ ಹೇಳಿಕೊಳ್ಳಲು ಅವನಿಗೆ ಒಂದು ದೃಶ್ಯ ಕೊಡಲಿಲ್ಲ. ಅವನ ಪ್ರೀತಿಗೆ ಉತ್ತರ ಸಿಗಬೇಕಾದರೆ ಅವನು ದೆವ್ವವೇ ಆಗಬೇಕಾಯಿತು. ಇಂಥ ಪಾತ್ರಗಳನ್ನು ಬೇಗ ಸಾಯಿಸುವ ಅಭ್ಯಾಸ ಟೀವಿಗೆ ಮೊದಲಿನಿಂದಲೂ ಇದೆ.

ಆದರೂ ನಾನು ಇದನ್ನು ದ್ವೇಷಿಸಲಾರೆ. ಉಪ್ಪಿನ ವೃತ್ತ, ಬಂದೂಕು, ದೆವ್ವದ ಸುಳಿವು ಹಿಡಿಯುವ ಇಎಂಎಫ್ ಮೀಟರ್ ಎಲ್ಲ ಇದ್ದ ವಿಂಚೆಸ್ಟರ್ ಅಣ್ಣತಮ್ಮಂದಿರಾದ ಸ್ಯಾಮ್, ಡೀನ್‌ಗೆ ಆ ರಾತ್ರಿ ಡ್ಯಾಗೆಟ್‌ನನ್ನು ಮುಗಿಸಲು ಆಗಲಿಲ್ಲ. ಮುಗಿಸಿದವನು ದೆವ್ವವಾಗಿ ಎಚ್ಚೆತ್ತ ಕಾರ್ಬೆಟ್. ಕೊನೆಯಲ್ಲಿ ಎಡ್ ಕ್ಯಾಮೆರಾ ಮುಂದೆ ಅವನ ಪ್ರೀತಿ ಸಾವನ್ನೂ ದಾಟಿ ಎಲ್ಲರನ್ನೂ ಉಳಿಸಿತು ಎಂದು ಹೇಳುತ್ತಾನೆ. ಅದು ನಗಲೆಂದೇ ಬರೆದ ಸಾಲು, ಗೊತ್ತು. ಹದಿನೇಳರ ನನಗೆ ಅದು ತಮಾಷೆಯಾಗಿ ಕೇಳಿಸಲಿಲ್ಲ. ಹಾಗೆ ಯಾರಾದರೂ ಗಟ್ಟಿಯಾಗಿ ಹೇಳಿದ್ದನ್ನು ನಾನು ಕೇಳಿದ್ದೇ ಅದು ಮೊದಲ ಸಲ.

ಇಂಪಾಲಾ67 ಬರೆದದ್ದು:

ಎಲ್ಲರೂ ಕಾರ್ಬೆಟ್ ಬಗ್ಗೆ ಬರೆದಿದ್ದೀರಿ, ಡೀನ್‌ನ ಮರೆತುಬಿಟ್ರಾ? ಮನೆಯೊಳಗೆ ಸಿಕ್ಕಿಹಾಕಿಕೊಂಡಾಗ ಸ್ಯಾಮ್ ಸಿಟ್ಟಲ್ಲಿ, ನಿನಗೆ ಉಳಿದಿರೋದೇ ಎರಡು ತಿಂಗಳು ಅಂದುಬಿಡ್ತಾನೆ. ಕ್ಯಾಮೆರಾ ಹಿಡಿದವರಿಗೆ ಏನೂ ಅರ್ಥ ಆಗಲ್ಲ, ಏನೋ ಕಾಯಿಲೆ ಅಂದುಕೊಳ್ತಾರೆ. ನಮಗೆ ಗೊತ್ತು, ಅವನು ಆತ್ಮ ಒತ್ತೆ ಇಟ್ಟಿದ್ದಾನೆ ಅಂತ. ಇದಾದ ಮೂರೇ ಎಪಿಸೋಡಿಗೆ ಸೀಸನ್ ಮುಗಿದು ಅವನು ನರಕಕ್ಕೆ ಹೋಗ್ತಾನೆ. ಅಷ್ಟು ನಗಿಸೋ ಎಪಿಸೋಡ್‌ನಲ್ಲಿ ಆ ಒಂದು ಮಾತು ಕೇಳಿ ನನಗೆ ಎದೆ ಧಸಕ್ಕಂತು.

ಆಮೇಲೆ ಒಂದು ಪ್ರಶ್ನೆ, ಎಡಿಟಿಂಗ್ ಗೊತ್ತಿರೋ ನಿಮಗೇ. ಕೊನೆಯಲ್ಲಿ ಸ್ಯಾಮ್, ಡೀನ್ ಬ್ಯಾಗಲ್ಲಿ ವಿದ್ಯುತ್ಕಾಂತ ಇಟ್ಟು ಹೋಗ್ತಾರೆ, ಟೇಪು, ಹಾರ್ಡ್ ಡಿಸ್ಕ್ ಎಲ್ಲ ಅಳಿಸಿಹೋಗುತ್ತೆ. ಎಲ್ಲ ಅಳಿಸಿದ ಮೇಲೆ ನಾವು ನೋಡಿದ್ದು ಏನನ್ನ?

ಎಡಿಟ್‌ಮೇಜು ಬರೆದದ್ದು:

ಮೂರನೇಬಾಗಿಲು, ಬರೆದದ್ದಕ್ಕೆ ತುಂಬ ಥ್ಯಾಂಕ್ಸ್. ನಾನೂ ನನ್ನ ತಮ್ಮನೂ ನಕ್ಕೆವು ಎಂದು ಎಷ್ಟು ಸಲೀಸಾಗಿ ಬರೆದಿದ್ದೆ. ಅದೇ ಸಾಲಿಗೆ ನೀವು ನಗಬೇಕಾಗಿ ಬಂದಿದ್ದನ್ನು ಓದಿದ ಮೇಲೆ, ಆ ಕೋಣೆಯಲ್ಲಿ ನಕ್ಕವರಲ್ಲಿ ನಾನೂ ಒಬ್ಬಳು ಅನ್ನಿಸಿತು.

ಇಂಪಾಲಾ67, ನಿಮ್ಮ ಪ್ರಶ್ನೆಗೆ ತರ್ಕದ ಉತ್ತರ ನನ್ನ ಹತ್ತಿರ ಇಲ್ಲ. ಎಲ್ಲವೂ ಅಳಿದುಹೋದದ್ದು ನಿಜವಾದರೆ ನಾವು ನೋಡಿದ್ದು ಇನ್ನು ಯಾರೂ ನೋಡಲಾಗದ ವಿಡಿಯೋ. ಆದರೆ ನಿಮ್ಮ ಪ್ರಶ್ನೆಯಿಂದ ಆ ದೃಶ್ಯಕ್ಕೆ ಹೋಗಿ ನಾಲ್ಕು ಸಲ ನೋಡಿದೆ. ನನ್ನ ಮೊದಲ ಪ್ರಶ್ನೆ ಅರ್ಧ ತಪ್ಪಿತ್ತು ಎಂದು ಈಗ ಅನ್ನಿಸುತ್ತಿದೆ.

ಆ ವಿದ್ಯುತ್ಕಾಂತದ ದೃಶ್ಯಕ್ಕೆ ನಾವೆಲ್ಲ ಚಪ್ಪಾಳೆ ಹೊಡೆದಿದ್ದೆವು. ಬಂಡವಾಳ ಮಾಡಿಕೊಂಡವರಿಗೆ ತಕ್ಕ ಶಾಸ್ತಿ, ಜಾಣ ಅಣ್ಣತಮ್ಮಂದಿರು, ತಮ್ಮ ಇಂಪಾಲಾ ಕಾರು ಹತ್ತಿ ಹೊರಟರು. ಆದರೆ ಆ ಹಾರ್ಡ್ ಡಿಸ್ಕ್‌ನಲ್ಲಿ ಏನಿತ್ತು? ಕಾರ್ಬೆಟ್ ಬದುಕಿದ್ದಾಗಿನ ಕೊನೆಯ ಕೆಲವು ಗಂಟೆ. ಅವನ ದನಿ, ನಡಿಗೆ, ಎಡ್ ಕಡೆಗಿನ ಆ ನೋಟ. ದೆವ್ವ ಇದೆ ಅನ್ನುವ ಪುರಾವೆ ಹೊರಗೆ ಹೋಗಬಾರದು ಎಂದು ಸ್ಯಾಮ್, ಡೀನ್ ಅಳಿಸಿದ್ದು, ಅವರ ಕಾರಣ ಅವರಿಗೆ ಸರಿ. ಅದರ ಜೊತೆಗೆ ಒಬ್ಬ ಹುಡುಗನೂ ಅಳಿಸಿಹೋದ ಎಂದು ಅವರಿಬ್ಬರಲ್ಲಿ ಒಬ್ಬನಿಗೂ ಹೊಳೆಯುವುದಿಲ್ಲ.

ಇದು ನನಗೆ ಯಾಕೆ ಇಷ್ಟು ತಾಗುತ್ತಿದೆ ಎಂದು ಹೇಳಬೇಕು. ಮೂರು ವರ್ಷದ ಹಿಂದೆ ಒಂದು ಮದುವೆಯ ವಿಡಿಯೋ ಎಡಿಟ್ ಮಾಡಿಕೊಟ್ಟೆ. ಅದರಲ್ಲಿ ಹುಡುಗಿಯ ಅಣ್ಣನೊಬ್ಬ ಎಲ್ಲ ಫ್ರೇಮಿನಲ್ಲೂ ನುಗ್ಗಿ ಕ್ಯಾಮೆರಾ ನೋಡಿ ಹಲ್ಲು ಕಿರಿಯುತ್ತಿದ್ದ. ಒಂದು ಕಡೆ ಕುರ್ಚಿ ಹೊತ್ತುಕೊಂಡು ಹೋಗುವಾಗ ಎಡವಿ, ಬೀಳದೆ ಸಾವರಿಸಿಕೊಂಡು, ಯಾರಾದರೂ ನೋಡಿದರಾ ಎಂದು ಸುತ್ತ ನೋಡುತ್ತಾನೆ. ಹನ್ನೊಂದು ಸೆಕೆಂಡು. ಚೆನ್ನಾಗಿತ್ತು, ಆದರೆ ವಿಡಿಯೋದ ಓಟಕ್ಕೆ ಅಡ್ಡ ಬರುತ್ತದೆ ಎಂದು ಕತ್ತರಿಸಿದೆ. ಅವನಿದ್ದ ಇನ್ನೂ ಎಷ್ಟೋ ಶಾಟ್ ಕತ್ತರಿಸಿದೆ. ವಿಡಿಯೋ ಕೊಟ್ಟು ಎರಡು ತಿಂಗಳಿಗೆ ಅವನು ಅಪಘಾತದಲ್ಲಿ ಹೋದ. ಅವನ ತಾಯಿ ಫೋನ್ ಮಾಡಿದರು. ಅಳಲಿಲ್ಲ. ‘ಅವನು ಇರೋದು ಏನಾದರೂ ಉಳಿದಿದ್ರೆ ಕೊಡಮ್ಮಾ, ಕೆಟ್ಟದಾಗಿ ಬಂದಿದ್ರೂ ಪರವಾಗಿಲ್ಲ’ ಅಂದರು. ಕ್ಯಾಮೆರಾದ ಮೆಮೊರಿ ಕಾರ್ಡ್‌ಗಳನ್ನು ನಾನು ಆಗಲೇ ಫಾರ್ಮ್ಯಾಟ್ ಮಾಡಿ ಬೇರೆ ಕೆಲಸಕ್ಕೆ ಬಳಸಿದ್ದೆ. ಡ್ರೈವ್‌ನಲ್ಲೂ ಜಾಗ ಬೇಕೆಂದು ಅಳಿಸಿದ್ದೆ. ಮರಳಿ ತೆಗೆಯುವ ಸಾಫ್ಟ್‌ವೇರ್ ಹಾಕಿ ಎರಡು ರಾತ್ರಿ ಕೂತೆ. ಆ ಜಾಗದ ಮೇಲೆ ಬೇರೆ ಫುಟೇಜ್ ಬರೆದಾಗಿತ್ತು, ಏನೂ ಸಿಗಲಿಲ್ಲ.

ಹಾಗಾಗಿ ಹಳೇಸೀಸನ್, ನೀವು ಮುಷ್ಕರದ ಬಗ್ಗೆ ಹೇಳಿದ್ದೆಲ್ಲ ಒಪ್ಪುತ್ತೇನೆ, ಎಡ್, ಹ್ಯಾರಿ ಹೆಸರಿಗೆ ಆಸೆಪಡುವವರು ಅನ್ನುವುದನ್ನೂ. ಆದರೆ ಕ್ಯಾಮೆರಾ ಆಫ್ ಮಾಡದವರನ್ನು ನಾನು ಈಗ ಅಷ್ಟು ಸುಲಭವಾಗಿ ಬೈಯಲಾರೆ. ಆ ಇಬ್ಬರು ಕಾರ್ಬೆಟ್‌ನ ಆ ನೋಟವನ್ನು ಇಟ್ಟುಕೊಂಡರು. ಇನ್ನು ಮೇಲೆ ನೀನು ಇಂಟರ್ನ್ ಅಲ್ಲ, ನಮ್ಮಲ್ಲೊಬ್ಬ ಎಂದು ಅವನಿಗೆ ಹೇಳಿದರು. ಆ ಮಾತು ಹೇಳುವಾಗ ಅವರು ಎಷ್ಟು ಬಾಲಿಶವಾಗಿ ಕಂಡರೂ ಸರಿ.

ಹಳೇಸೀಸನ್ ಬರೆದದ್ದು:

ಓದಿದೆ. ಎರಡು ಸಲ ಓದಿದೆ.

ಎಡ್ ಬಗ್ಗೆ ನಾನು ಹೇಳಿದ್ದನ್ನ ಸ್ವಲ್ಪ ಹಿಂದಕ್ಕೆ ತಗೋತೀನಿ. 2014ರಲ್ಲಿ ಒಂಬತ್ತನೇ ಸೀಸನ್ನಿಗೆ ಎಡ್, ಹ್ಯಾರಿ ವಾಪಸು ಬರ್ತಾರಲ್ಲ, ಥಿನ್‌ಮ್ಯಾನ್ ಎಪಿಸೋಡ್, ಅಲ್ಲಿ ಥಿನ್‌ಮ್ಯಾನ್ ಅನ್ನೋ ಪಿಶಾಚಿಯ ಕಥೆಯನ್ನ ಕಟ್ಟಿದ್ದು ಎಡ್‌ನೇ ಅಂತ ಗೊತ್ತಾಗುತ್ತೆ. ಹ್ಯಾರಿ ತನ್ನನ್ನ ಬಿಟ್ಟು ಬೇರೆ ಬದುಕಿಗೆ ಹೊರಟುಬಿಡ್ತಾನೆ ಅನ್ನೋ ಭಯಕ್ಕೆ ಕಟ್ಟಿದ್ದು. ನಾನು ಅದನ್ನ ಬರೀ ಸುಳ್ಳುಗಾರನ ಕಥೆ ಅಂತ ನೋಡಿದ್ದೆ. ಯಾರನ್ನೂ ಕಳಕೊಳ್ಳೋಕೆ ಆಗದವನು ಅಂತ ನೋಡಿದರೆ 2008ರ ಎಡ್ ಕೂಡ ಬೇರೆ ಥರ ಕಾಣ್ತಾನೆ. ಈ ವಾರ ಎರಡನ್ನೂ ಒಟ್ಟಿಗೆ ನೋಡ್ತೀನಿ.

ಮೂರನೇಬಾಗಿಲು ಬರೆದದ್ದು:

ಎಡಿಟ್‌ಮೇಜು, ಆ ತಾಯಿಗೆ ಆಮೇಲೆ ಏನು ಹೇಳಿದಿರಿ?

ಎಡಿಟ್‌ಮೇಜು ಬರೆದದ್ದು:

ನಿಜವನ್ನೇ ಹೇಳಿದೆ. ಆಮೇಲೆ ಕೊಟ್ಟಿದ್ದ ವಿಡಿಯೋದಲ್ಲಿ ಅವನು ಎಲ್ಲೆಲ್ಲಿ ಕಾಣುತ್ತಾನೆ ಎಂದು ಹುಡುಕಿದೆ. ಬೇರೆಯವರ ಹಿಂದೆ, ಬಾಗಿಲ ಹತ್ತಿರ, ಅರ್ಧ ಮುಖ, ಒಂದು ಕೈ. ಎಲ್ಲ ಸೇರಿಸಿದರೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಆಯಿತು. ಅವನಿರುವ ಕಡೆ ಫ್ರೇಮನ್ನು ಹಿಗ್ಗಿಸಿ, ಸಂಗೀತ ತೆಗೆದು, ಮೂಲ ಸದ್ದು ಇದ್ದಲ್ಲಿ ಅದನ್ನೇ ಬಿಟ್ಟು ಕೊಟ್ಟೆ. ಒಂದು ಕಡೆ ಹಿಂದಿನಿಂದ ಅವನು ನಗುವುದು ಕೇಳಿಸುತ್ತದೆ, ಮುಖ ಕಾಣುವುದಿಲ್ಲ. ಅದನ್ನು ಅವರು ಪೆನ್‌ಡ್ರೈವ್‌ನಲ್ಲಿ ಬೇರೆಯಾಗಿ ಹಾಕಿಸಿಕೊಂಡರು. ಈಗ ನಾನು ಕತ್ತರಿಸಿದ ಶಾಟ್‌ಗಳನ್ನೂ ಸೇರಿಸಿ ಎಲ್ಲ ಕಚ್ಚಾ ಫುಟೇಜನ್ನು ಎರಡು ವರ್ಷ ಇಟ್ಟುಕೊಳ್ಳುತ್ತೇನೆ, ಅಳಿಸುವ ಮೊದಲು ಆ ಮನೆಯವರಿಗೆ ಫೋನ್ ಮಾಡಿ ಕೇಳುತ್ತೇನೆ.

ಭಾನುವಾರ ತಮ್ಮ ಬರುತ್ತಾನೆ. ಎಪಿಸೋಡನ್ನು ಮತ್ತೆ ಹಾಕೋಣ ಎಂದಿದ್ದೇನೆ. ಮೊದಲೇ ಏನೂ ಹೇಳುವುದಿಲ್ಲ. ವಿದ್ಯುತ್ಕಾಂತದ ದೃಶ್ಯ ಬಂದಾಗ ಅವನ ಮುಖ ನೋಡಬೇಕು ನನಗೆ.