ಮ್ಯೂನಿಕ್‌ಗೆ ಹೊರಟಿದ್ದೇವೆ. ಮನೆ, ಅಡುಗೆ, ಅಕ್ಕಪಕ್ಕ ಹೇಗೆ?

ಬನಶಂಕರಿಯವ:
ಮುಂದಿನ ತಿಂಗಳು ಕೆಲಸದ ಮೇಲೆ ಜರ್ಮನಿಯ ಮ್ಯೂನಿಕ್‌ಗೆ ಹೋಗುತ್ತಿದ್ದೇವೆ. ನಾನು, ಹೆಂಡತಿ, ಐದು ವರ್ಷದ ಮಗಳು. ಬೆಂಗಳೂರು ಬಿಟ್ಟು ಎಲ್ಲೂ ಇದ್ದವನಲ್ಲ. ಆಫೀಸಿನವರು ಕೊಟ್ಟ ಪಿಡಿಎಫ್‌ನಲ್ಲಿ ಬರೀ ಸಮಯಪಾಲನೆ, ಸಮಯಪಾಲನೆ. ಅದು ಗೊತ್ತಿರೋದೇ ಅಲ್ವಾ? ದಿನಾ ಬದುಕುವಾಗ ಏನು ಬೇರೆ ಅನ್ನಿಸುತ್ತದೆ? ಮಿಕ್ಸಿ ತಗೊಂಡು ಹೋಗಬೇಕಾ? ಇದ್ದು ಬಂದವರು ಹೇಳಿ.

ಸಂಪಿಗೆ ರಸ್ತೆ:
ಅಲ್ಲಿದ್ದು ಈಗ ವಾಪಸ್ ಮಲ್ಲೇಶ್ವರದಲ್ಲಿದ್ದೇನೆ. ಮಿಕ್ಸಿ ಧಾರಾಳವಾಗಿ ತಗೊಂಡು ಹೋಗಿ. ವೋಲ್ಟೇಜ್ ಎರಡೂ ಕಡೆ 230, ಪಿನ್ ಮಾತ್ರ ಬೇರೆ. ಅರ್ಥಿಂಗ್ ಇರುವ ಅಡಾಪ್ಟರ್ ನೋಡಿ ಕೊಳ್ಳಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮಾತ್ರ ಮಿಕ್ಸಿ ಮುಟ್ಟಬೇಡಿ. ಭಾನುವಾರ ಇಡೀ ದಿನ ಡ್ರಿಲ್ಲಿಂಗ್, ಮೊಳೆ ಹೊಡೆಯುವುದು ಕೂಡದು. ಸದ್ದಾದರೆ ಯಾರೂ ಬಂದು ಜಗಳ ಆಡುವುದಿಲ್ಲ. ಲಿಫ್ಟ್ ಪಕ್ಕ ಒಂದು ಚೀಟಿ ಬರುತ್ತದೆ, ತಾರೀಖು, ಗಂಟೆ ಸಮೇತ!

ಮನೆ ವಿಷಯದಲ್ಲಿ ಖುಷಿಯೂ ಆಗುತ್ತದೆ, ತಲೆಯೂ ಕೆಡುತ್ತದೆ. ಇಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಸುಸ್ತಾದವರಿಗೆ ಅಲ್ಲಿ ಆರಾಮ. ಮೂರು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ, ಕಾನೂನೇ ಇದೆ. ಅದನ್ನೂ ಮೂರು ಕಂತಲ್ಲಿ ಕೊಡಬಹುದು. ತಲೆ ಕೆಡುವುದು ಅಡುಗೆಮನೆ ನೋಡಿದಾಗ. ಎಷ್ಟೋ ಮನೆಗಳಲ್ಲಿ ಬರೀ ಗೋಡೆ ಮತ್ತು ನೀರಿನ ಪೈಪು. ಒಲೆ ಇಲ್ಲ, ಸಿಂಕ್ ಇಲ್ಲ, ಕಪಾಟೂ ಇಲ್ಲ. ಹಿಂದೆ ಬಾಡಿಗೆಗಿದ್ದವರು ಎಲ್ಲ ಬಿಚ್ಚಿಕೊಂಡು ಹೋಗಿರುತ್ತಾರೆ, ಇಲ್ಲವೇ ನಿಮಗೇ ಮಾರುತ್ತಾರೆ. ಜಾಹೀರಾತಿನಲ್ಲಿ ಇಬಿಕೆ ಅನ್ನುವ ಮೂರಕ್ಷರ ಹುಡುಕಿ. ಅದಿದ್ದರೆ ಅಡುಗೆಮನೆ ಸಿದ್ಧ ಇದೆ ಅಂತ.

ಕಸದ ಗಾಡಿ ಹಾಡು ಹಾಕಿಕೊಂಡು ಬಾಗಿಲಿಗೆ ಬರುವುದಿಲ್ಲ. ಗಾಜಿನ ಬಾಟಲಿಗಳನ್ನು ನೀವೇ ರಸ್ತೆ ಬದಿಯ ಡಬ್ಬದವರೆಗೆ ಹೊತ್ತು, ಬಿಳಿ, ಹಸಿರು, ಕಂದು ಅಂತ ಬೇರೆ ಮಾಡಿ ಹಾಕಬೇಕು. ಅದೂ ಭಾನುವಾರ ಬೇಡ, ಸದ್ದಾಗುತ್ತದೆ. ನೀರಿನ ಪ್ಲಾಸ್ಟಿಕ್ ಬಾಟಲಿ ಮಾತ್ರ ಎಸೆಯಬೇಡಿ. ಸೂಪರ್ ಮಾರ್ಕೆಟ್ಟಿನ ಮಷಿನ್‌ಗೆ ಹಾಕಿದರೆ 25 ಸೆಂಟ್ ವಾಪಸ್.

ಮೆಜೆಸ್ಟಿಕ್ ಪ್ಲಾಟ್‌ಫಾರ್ಮ್:
ಎರಡೇ ಮಾತು. ಅಲ್ಲಿ ಮೆಟ್ರೋಗೆ ನಮ್ಮ ಮೆಟ್ರೋ ಥರ ಗೇಟ್ ಇಲ್ಲ. ಸುಮ್ನೆ ಹತ್ತಬಹುದು ಅನ್ನಿಸುತ್ತದೆ. ಮಾಮೂಲಿ ಬಟ್ಟೆಯಲ್ಲಿ ಪಕ್ಕದಲ್ಲೇ ನಿಂತ ತಪಾಸಣೆಯವರು ಟಿಕೆಟ್ ಕೇಳಿದಾಗ ಇಲ್ಲದಿದ್ದರೆ 60 ಯೂರೋ ದಂಡ. ಇನ್ನೊಂದು, ಶನಿವಾರ ರಾತ್ರಿ ಎಂಟರೊಳಗೆ ಹಾಲು, ತರಕಾರಿ ತಂದಿಡಿ. ಭಾನುವಾರ ದೊಡ್ಡ ರೈಲ್ವೆ ಸ್ಟೇಷನ್, ಏರ್‌ಪೋರ್ಟಿನ ಅಂಗಡಿ, ಕೆಲವು ಬೇಕರಿ ಬಿಟ್ಟರೆ ಹೆಚ್ಚುಕಡಿಮೆ ಎಲ್ಲ ಅಂಗಡಿ ಬಂದ್.

ಗಾಂಧಿಬಜಾರ್ ತಾತ:
ಮಗಳ ಮನೆಗೆ ನಾನೂ ನಮ್ಮಾಕೆಯೂ ಹೋಗಿದ್ದೆವು. ಲಿಫ್ಟ್‌ನಲ್ಲಿ ಗುರುತಿಲ್ಲದವರೂ "ಗ್ರೂಸ್ ಗಾಟ್" ಅಂತ ನಮಸ್ಕಾರ ಹೇಳುತ್ತಾರೆ, ನೀವೂ ಹೇಳಿ. ಅಷ್ಟು ಸಲುಗೆಯಿಂದ ಮಾತಾಡಿಸಿದರು ಅಂತ ಫೋನ್ ಮಾಡದೆ ಬಾಗಿಲು ತಟ್ಟಬೇಡಿ. ಪಕ್ಕದ ಮನೆಯವರನ್ನು ನಾಲ್ಕಕ್ಕೆ ಕಾಫಿಗೆ ಕರೆದರೆ ನಾಲ್ಕಕ್ಕೇ ಬಂದರು, ಕೈಯಲ್ಲಿ ತಾವೇ ಮಾಡಿದ ಕೇಕು. ಚಕ್ಕುಲಿ ಬಹಳ ಹಿಡಿಸಿತು. ನಮ್ಮಾಕೆಗೆ ಮಾತ್ರ ಹೊತ್ತೇ ಹೋಗಲಿಲ್ಲ. ಸೊಪ್ಪಿನವನ ಕೂಗಿಲ್ಲ, ಇಡೀ ಬಿಲ್ಡಿಂಗ್‌ಗೆ ಕುಕ್ಕರ್ ವಿಷಲ್ ನಮ್ಮದೊಂದೇ. ಹೆಂಡತಿಗೆ ಭಾಷೆ ಕಲಿಯುವ ಕ್ಲಾಸ್ ಮೊದಲೇ ನೋಡಿಡಿ ಮಾರಾಯರೇ.

ಬನಶಂಕರಿಯವ:
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು ಅನುಮಾನ. ಫೆಬ್ರವರಿಯಲ್ಲಿ ಬಾಮೈದನ ಮದುವೆ. ಮಗಳನ್ನು ಎರಡು ವಾರ ಕರೆತರಬಹುದಾ?

ಸಂಪಿಗೆ ರಸ್ತೆ:
ಈ ಸಲ ಪರವಾಗಿಲ್ಲ, ಕಿಂಡರ್‌ಗಾರ್ಟನ್‌ನಲ್ಲಿ ಹೇಳಿ ಬಂದರಾಯಿತು. ಒಂದನೇ ಕ್ಲಾಸಿಗೆ ಸೇರಿದ ಮೇಲೆ ಈ ಆಟ ನಡೆಯೋದಿಲ್ಲ. ಶಾಲೆಯ ಒಪ್ಪಿಗೆ ಇಲ್ಲದೆ ಕರೆತಂದರೆ ಅಪ್ಪ ಅಮ್ಮನಿಗೆ ದಂಡ ಬೀಳಬಹುದು. ರಜೆ ಶುರುವಾಗುವ ಮುಂಚೆ ಬವೇರಿಯಾದ (ಮ್ಯೂನಿಕ್ ಇರುವ ರಾಜ್ಯ) ಏರ್‌ಪೋರ್ಟ್‌ಗಳಲ್ಲಿ ಪೊಲೀಸರೇ ಮಕ್ಕಳನ್ನು ವಿಚಾರಿಸಿದ್ದುಂಟು. ಮನೆಯಲ್ಲಿ ಇನ್ನೂ ಮದುವೆಗಳಿದ್ದರೆ ಪುರೋಹಿತರಿಗೆ ಬವೇರಿಯಾದ ಶಾಲಾ ರಜೆ ಪಟ್ಟಿಯನ್ನೂ ಕೊಟ್ಟು ಮುಹೂರ್ತ ಇಡಿಸಿ.