ತುರ್ತಾಗಿ ಬೇಕು: ಸಸಿ ಸುಡುವ ಚಳಿಗೆ ಕನ್ನಡ ಪದ

ಮಿನಿಯಾಪೊಲಿಸ್‌ನಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪದ ಬೇಕು. ಊರಿಂದ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರಿಗಾಗಿ ಕೈತೋಟದ ಬಗ್ಗೆ ಒಂದು ಪುಟದ ಕರಪತ್ರ ಮಾಡುತ್ತಿದ್ದೇವೆ. ಏಪ್ರಿಲ್‌ನಲ್ಲಿ ಬಂದವರು ಬಿಸಿಲು ನೋಡಿ ಟೊಮೇಟೊ, ಬದನೆ ಸಸಿಗಳನ್ನು ನೆಲಕ್ಕೆ ಇಳಿಸಿಬಿಡುತ್ತಾರೆ. ಹಗಲು 20 ಡಿಗ್ರಿ ಇದ್ದರೂ ಅದೇ ವಾರ ಒಂದು ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತೆ. ಬೆಳಿಗ್ಗೆ ಎದ್ದು ನೋಡಿದರೆ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿರುತ್ತವೆ. ಇದನ್ನೇ ಇಲ್ಲಿ ಫ್ರಾಸ್ಟ್ ಅನ್ನುತ್ತಾರೆ. ಕರಡಿನಲ್ಲಿ ಯಾರೋ ‘ಕೊನೆಯ ಹಿಮಪಾತದ ದಿನ’ ಅಂತ ಬರೆದಿದ್ದಾರೆ. ಹಿಮಪಾತ ಅಂದರೆ ಹಿಮ ಸುರಿಯುವುದು, ಅಲ್ವಾ? ಇಬ್ಬನಿ, ಮಂಜು, ಕಾವಳ ಯಾವುದೂ ಸರಿ ಕೂರುತ್ತಿಲ್ಲ.

ಮೈಸೂರಿನಿಂದ:

ತುಷಾರ. ನಿಘಂಟು ತೆಗೆದಿದ್ದರೆ ಸಿಗುತ್ತಿತ್ತು.

ಶಿವಮೊಗ್ಗದಿಂದ:

ತುಷಾರ ಅಂದರೆ ನಮ್ಮಮ್ಮ ಮಾಸಪತ್ರಿಕೆ ಅಂದುಕೊಳ್ಳುತ್ತಾರೆ ಮೇಷ್ಟ್ರೇ. ಎಲ್ಲದಕ್ಕೂ ಸಂಸ್ಕೃತದ ಬಾಗಿಲಿಗೇ ಯಾಕೆ ಹೋಗಬೇಕು? ನೀರು ಗಟ್ಟಿಯಾಗುವುದಕ್ಕೆ ಹೆಪ್ಪುಗಟ್ಟು ಅನ್ನುವ ಮಾತು ಮನೆಯಲ್ಲೇ ಇದೆ. ಹನಿಯೂ ಇದೆ. ಇಬ್ಬನಿಯ ಒಳಗೆ ಕೂತಿರುವುದು ಹಳಗನ್ನಡದ ‘ಪನಿ’. ತಮಿಳಿನಲ್ಲಿ ಅದು ಇವತ್ತಿಗೂ ಪನಿಯಾಗಿಯೇ ಉಳಿದಿದೆ, ನಮ್ಮಲ್ಲಿ ಹನಿಯಾಯಿತು. ಹೆಪ್ಪಿಗೆ ಪನಿ ಸೇರಿಸಿ, ‘ಹೆಬ್ಬನಿ’. ಇಬ್ಬನಿಗೆ ಒಳ್ಳೆಯ ಜೋಡಿ. ಪದ ನಮ್ಮದೇ ಬೇರಿನಿಂದ ಬಂದರೆ ಓದುವವರಿಗೆ ವಿವರಣೆ ಬೇಕಾಗಲ್ಲ.

ಮೈಸೂರಿನಿಂದ:

ಹೆಬ್ಬಾವು, ಹೆಬ್ಬಾಗಿಲು, ಹೆಬ್ಬೆರಳು. ಹೆಬ್ಬನಿ ಅಂದರೆ ದೊಡ್ಡ ಹನಿ. ಮಳೆಗಾಲಕ್ಕೆ ಇಟ್ಟುಕೊಳ್ಳಿ.

ಗುಂಡ್ಲುಪೇಟೆಯಿಂದ:

ನಮಗೆ ಇದು ಪುಸ್ತಕದ ವಿಷಯವಲ್ಲ. ಇಲ್ಲಿಂದ ಘಾಟಿ ಹತ್ತಿದರೆ ಊಟಿ. ಡಿಸೆಂಬರ್, ಜನವರಿಯಲ್ಲಿ ಅಲ್ಲಿನ ತಗ್ಗಿನ ಹುಲ್ಲುಗಾವಲು ಬೆಳಿಗ್ಗೆ ಬೆಳ್ಳಗಾಗಿರುತ್ತೆ, ಟೀ ಎಲೆ ಸೀದು ಕಂದಾಗುತ್ತೆ. ತಮಿಳು ಪತ್ರಿಕೆಗಳು ‘ಉರೈಪನಿ’ ಅಂತ ಬರೆಯುತ್ತವೆ. ಆ ‘ಉರೈ’ ಅಂದರೆ ಹಾಲಿಗೆ ಹಾಕುವ ಹೆಪ್ಪೇ. ಶಿವಮೊಗ್ಗದವರ ದಾರಿ ಸರಿ ಇದೆ, ಸಂಧಿ ಮಾಡಿ ಕೆಡಿಸಿದರು ಅಷ್ಟೇ. ಹಿಂದಿಯವರಿಗೆ ‘ಪಾಲಾ’ ಅಂತ ಒಳ್ಳೆಯ ರೈತರ ಪದ ಇದೆ. ನಮಗೆ ಬೇಡ, ಆಸ್ತಿ ಪಾಲು ಅಂದುಕೊಂಡಾರು.

ಮೈಸೂರಿನಿಂದ:

ಪಾಲಾ ಬಂದದ್ದು ಪ್ರಾಲೇಯದಿಂದ. ಅದೂ ಸಂಸ್ಕೃತವೇ.

ಸಿಯಾಟಲ್‌ನಿಂದ:

ಸರ್, ಪದ ಕಟ್ಟುವ ಮೊದಲು ಅದು ಏನು ಮಾಡುತ್ತೆ ಅಂತ ನೋಡೋಣ. ‘ಇಬ್ಬನಿ’ ಯಾವ ವೇಷದಲ್ಲೂ ಬೇಡ. ನಾನು ಮಾಗಡಿ ಕಡೆಯವಳು. ನಮ್ಮಲ್ಲಿ ಇಬ್ಬನಿ ಚೆನ್ನಾಗಿ ಬಿದ್ದರೆ ಅವರೆಗೆ ಸೊಗಡು ಬರುತ್ತೆ ಅಂತ ಖುಷಿ. ‘ಬಿಳಿ ಇಬ್ಬನಿ ಬೀಳುತ್ತೆ’ ಅಂತ ಬರೆದರೆ ನಮ್ಮತ್ತೆ ಸಸಿಗಳನ್ನು ಬೇಕಂತಲೇ ಹೊರಗಿಡುತ್ತಾರೆ!

ಬಿಳಿ ಕಾಣಲೇಬೇಕು ಅಂತಲೂ ಇಲ್ಲ. ಗಾಳಿ ಒಣಗಿದ್ದರೆ ಮೇಲೆ ಏನೂ ಕಾಣದೆ ಎಲೆಯೊಳಗಿನ ನೀರು ಗಟ್ಟಿಯಾಗುತ್ತೆ, ಜೀವಕೋಶ ಒಡೆಯುತ್ತೆ, ಎಲೆ ಕಪ್ಪಾಗುತ್ತೆ. ಇದಕ್ಕೆ ತಿರುಗುಮುರುಗೂ ಆಗುತ್ತೆ. ಫೋನ್ 2 ಡಿಗ್ರಿ ಅಂತ ತೋರಿಸುತ್ತಿರುತ್ತೆ, ಹುಲ್ಲಿನ ಮೇಲೆ ಆಗಲೇ ಬಿಳಿ ಕೂತಿರುತ್ತೆ. ಹವಾಮಾನದವರು ಶಾಖ ಅಳೆಯುವುದು ಹೆಚ್ಚುಕಡಿಮೆ ಆಳೆತ್ತರದಲ್ಲಿ. ಮೋಡ, ಗಾಳಿ ಎರಡೂ ಇಲ್ಲದ ರಾತ್ರಿ ನೆಲ ತನ್ನ ಶಾಖವನ್ನೆಲ್ಲ ಬಿಟ್ಟುಕೊಡುತ್ತೆ, ಅದರ ಮೇಲಿನ ಗಾಳಿಗಿಂತ ಬೇಗ ತಣ್ಣಗಾಗುತ್ತೆ. ಮೋಡ ಕವಿದಿದ್ದರೆ ಭಯ ಕಡಿಮೆ. ಹಾಗಾಗಿ ಪದ ನೋಟದಿಂದ ಹುಟ್ಟಬಾರದು, ಚಳಿಯಿಂದ ಹುಟ್ಟಬೇಕು.

‘ಕೊನೆಯ ದಿನ’ ಅನ್ನುವುದು ಇನ್ನೂ ಮೋಸ. ಸಾಮಾನ್ಯವಾಗಿ ಪಟ್ಟಿಯಲ್ಲಿ ಕೊಡುವ ತಾರೀಕು ಹಲವು ವರ್ಷಗಳ ನಡುವಿನದು. ಅಂದರೆ ಎರಡು ವರ್ಷಕ್ಕೊಂದು ಸಲ ಆ ತಾರೀಕು ದಾಟಿದ ಮೇಲೂ ಸಸಿ ಸುಡುವ ರಾತ್ರಿ ಬರುತ್ತೆ. ‘ದಿನ’ ಅಂತ ಅಚ್ಚಾದರೆ ಮಾರನೇ ಬೆಳಿಗ್ಗೆಯೇ ನೆಟ್ಟುಬಿಡುತ್ತಾರೆ.

ಊರಿಂದ ಊರಿಗೂ ಇದು ಬೇರೆ. ಇಲ್ಲಿ ಅಂಥ ಚಳಿ ಮಿನಿಯಾಪೊಲಿಸ್‌ಗಿಂತ ಎಷ್ಟೋ ಮೊದಲೇ ಮುಗಿಯುತ್ತೆ. ಆದರೂ ಟೊಮೇಟೊ ಹೊರಗೆ ನೆಡುವುದು ಮೇ ನಡುವಿಗೇ. ಅಲ್ಲಿಯ ತನಕ ರಾತ್ರಿ 10 ಡಿಗ್ರಿ ದಾಟಲ್ಲ, ಸಸಿ ಸಾಯಲ್ಲ, ಬೆಳೆಯೋದೂ ಇಲ್ಲ, ಸುಮ್ನೆ ಕೂತಿರುತ್ತೆ. ಡಲ್ಲಾಸ್‌ನಲ್ಲಿರುವ ತಂಗಿ ಮಾರ್ಚ್ ಕೊನೆಗೆ ನೆಟ್ಟು, ಜುಲೈಗೆ ಸೆಕೆಗೆ ಹೂ ಉದುರುತ್ತಿದೆ ಅಂತ ಗೋಳಾಡುತ್ತಾಳೆ. ತೋಟದವರ ವಲಯ ನಕ್ಷೆಯಲ್ಲಿ ನಮ್ಮಿಬ್ಬರ ಊರೂ ಹೆಚ್ಚುಕಡಿಮೆ ಒಂದೇ ಬಣ್ಣ. ಆ ನಕ್ಷೆ ಚಳಿಗಾಲದ ಅತಿ ಕಡಿಮೆ ಉಷ್ಣತೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೆ, ವಸಂತ ಹೇಗಿರುತ್ತೆ ಅಂತ ಹೇಳಲ್ಲ. ಅದನ್ನು ಕರಪತ್ರಕ್ಕೆ ಹಾಕಬೇಡಿ.

ಮ್ಯೂನಿಕ್‌ನಿಂದ:

ಜರ್ಮನ್ನರು ಇದನ್ನು ಪಂಚಾಂಗಕ್ಕೇ ಕಟ್ಟಿಹಾಕಿದ್ದಾರೆ. ಮೇ 11ರಿಂದ 15 ‘ಹಿಮದ ಸಂತರ’ ದಿನಗಳು. ಕೊನೆಯವಳು ಸೋಫಿ, ‘ಚಳಿ ಸೋಫಿ’ ಅಂತ ಕರೆಯುತ್ತಾರೆ. ಅವಳು ಹೋಗುವ ತನಕ ಪಕ್ಕದ ಮನೆಯಜ್ಜಿ ಒಂದು ಕುಂಡವನ್ನೂ ಹೊರಗಿಡಲ್ಲ. ನಮ್ಮವರೂ ಹೀಗೇ ಅಲ್ವಾ? ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ, ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ. ನಿಮ್ಮ ಊರಿಗೆ ಭರಣಿ ಲೆಕ್ಕ ಚೆನ್ನಾಗಿ ಹೊಂದುತ್ತೆ. ಅದು ಏಪ್ರಿಲ್ ಕೊನೆಗೆ ಶುರುವಾಗಿ ಮೇ ಎರಡನೇ ವಾರಕ್ಕೆ ಮುಗಿಯುತ್ತೆ. ‘ಭರಣಿ ದಾಟಲಿ’ ಅಂತ ಬರೆಯಿರಿ, ಹಿರಿಯರಿಗೆ ತಟ್ಟನೆ ಗೊತ್ತಾಗುತ್ತೆ.

ಮೆಲ್ಬರ್ನ್‌ನಿಂದ:

ನಮ್ಮಲ್ಲಿ ವಸಂತ ಶುರುವಾಗುವುದು ಸೆಪ್ಟೆಂಬರ್ 1ಕ್ಕೆ. ಯುಗಾದಿಯ ಹೊತ್ತಿಗೆ ಎಲೆ ಉದುರುವ ಕಾಲ. ಟೊಮೇಟೊ ನೆಡುವುದು ನವೆಂಬರ್ ಮೊದಲ ಮಂಗಳವಾರ, ಊರಿಗೆ ಊರೇ ಕುದುರೆ ರೇಸಿಗೆ ರಜೆ ಹಾಕಿದಾಗ. ‘ವಸಂತ’ದ ಬಗ್ಗೆಯೂ ಒಂದು ಚರ್ಚೆ ಶುರು ಮಾಡಲೇ?

ಮೈಸೂರಿನಿಂದ:

ಬೇಡ.

ಶಿವಮೊಗ್ಗದಿಂದ:

ಸರಿ, ಹೆಬ್ಬನಿ ಬಿಟ್ಟೆ. ‘ಹೆಪ್ಪುಚಳಿ’ ಆಗಬಹುದು. ಆದರೆ ಫ್ರಾಸ್ಟ್ ಅಂತಲೇ ಹಾಕಿಬಿಡಿ ಅಂತ ಯಾರೂ ಹೇಳಬೇಡಿ. ಮೆಣಸಿನಕಾಯಿ ಗಿಡವನ್ನು ಪೋರ್ಚುಗೀಸರು ತಂದರು. ಹೆಸರನ್ನೂ ಅವರಿಂದ ಇಸಕೊಂಡೆವಾ? ಮೆಣಸಿಗೆ ಕಾಯಿ ಸೇರಿಸಿದೆವು, ಮುಗಿಯಿತು. ಟೊಮೇಟೊಗೂ ಹಳಬರು ಚಪ್ಪರಬದನೆ ಅನ್ನುತ್ತಿದ್ದರು. ಅದನ್ನು ಕೈಬಿಟ್ಟದ್ದು ನಮ್ಮ ಸೋಮಾರಿತನ.

ಗುಂಡ್ಲುಪೇಟೆಯಿಂದ:

ನಮ್ಮ ಮಂಡಿಯಲ್ಲಿ ಚಪ್ಪರಬದನೆ ಅಂದು ನೋಡಿ, ಬದನೆ ತೂಗಿ ಕೊಡುತ್ತಾರೆ. ಹೂಕೋಸಿನ ಕೋಸು ಪೋರ್ಚುಗೀಸಿನದು, ಹೂ ನಮ್ಮದು. ಆಲೂಗಡ್ಡೆಯಲ್ಲಿ ಆಲೂ ಹಿಂದಿಯವರದು, ಗಡ್ಡೆ ನಮ್ಮದು. ತರಕಾರಿ ಬೆಳೆದವರು ಹೀಗೆ ಅರ್ಧ ಇಸಕೊಂಡು ಅರ್ಧ ಕಟ್ಟಿದರು. ಯಾರನ್ನೂ ಕೇಳಲಿಲ್ಲ.

ಮೈಸೂರಿನಿಂದ:

‘ಹೆಪ್ಪುಚಳಿ’ಯಲ್ಲಿ ಹೆಪ್ಪು ಹೆಸರುಪದ, ಹೆಪ್ಪುಗಟ್ಟಿಸುವ ಚಳಿ ಅನ್ನುವ ಅರ್ಥ ಅದರಿಂದ ಹೊರಡಲ್ಲ. ಓದಿದವರು ಮೊಸರು ನೆನೆಸಿಕೊಳ್ಳುತ್ತಾರೆ. ತುಷಾರಕ್ಕೆ ಈ ತೊಂದರೆ ಇಲ್ಲ.

ಶಿವಮೊಗ್ಗದಿಂದ:

ಸುಡುಗಾಡು ಅಂದಾಗ ‘ಸುಡುವ’ ಅಂತ ಬಿಡಿಸಿ ಹೇಳುತ್ತೀರಾ?

ಮೈಸೂರಿನಿಂದ:

ಅಲ್ಲಿ ಸುಡು ಕ್ರಿಯಾಪದ. ಉದಾಹರಣೆ ನನ್ನ ಪರವಾಗಿಯೇ ಇದೆ.

ಮಿನಿಯಾಪೊಲಿಸ್‌ನಿಂದ:

ಎಲ್ಲರಿಗೂ ಥ್ಯಾಂಕ್ಸ್. ಪ್ರೆಸ್ಸಿನವರು ಕಾಯುತ್ತಿದ್ದಾರೆ. ಒಂದೇ ಪದ ಹುಡುಕುವುದನ್ನು ಬಿಟ್ಟು ಹೀಗೆ ಬರೆದಿದ್ದೇನೆ: ‘ಮೇ ಅರ್ಧದವರೆಗೂ ಒಂದೊಂದು ರಾತ್ರಿ ನೀರು ಹೆಪ್ಪುಗಟ್ಟುವ ಚಳಿ ಬರಬಹುದು. ಹಗಲಿನ ಬಿಸಿಲು ನಂಬಿ ಸಸಿ ನೆಡಬೇಡಿ. ಭರಣಿ ದಾಟಲಿ. ನೆಟ್ಟಾಗಿದ್ದರೆ ಸಂಜೆಯೇ ಮುಚ್ಚಿ.’ ತಲೆಬರಹದಲ್ಲಿ ಮಾತ್ರ ‘ಹೆಪ್ಪುಚಳಿ, ಎಚ್ಚರ’ ಅಂತ ಹಾಕಿದ್ದೇನೆ. ಮೇಷ್ಟ್ರು ಕ್ಷಮಿಸಬೇಕು. ಯಾರಿಗಾದರೂ ಮೊಸರು ನೆನಪಾದರೆ ಕೆಳಗಿನ ಸಾಲು ಓದಿಕೊಳ್ಳಲಿ.

ಸಿಯಾಟಲ್‌ನಿಂದ:

ಚೆನ್ನಾಗಿದೆ. ಬರೀ ‘ಮುಚ್ಚಿ’ ಅಂತ ಬಿಡಬೇಡಿ, ಕೈಗೆ ಸಿಕ್ಕಿದ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಅದು ಎಲೆಗೆ ತಾಗಿದ ಕಡೆಯಲ್ಲೇ ಸುಡುತ್ತೆ. ‘ಹಳೆ ಪಂಚೆ ಅಥವಾ ಬೆಡ್‌ಶೀಟ್, ನೆಲ ಮುಟ್ಟುವ ಹಾಗೆ, ಬಿಸಿಲು ಬಂದ ಮೇಲೆ ತೆಗೆಯಿರಿ’ ಅಂತ ಸೇರಿಸಿ.