ಜಿಮ್ನಿಗೆ ಮೊದಲು ಅಡಿ ಗಾರ್ಡಾ, ಲಿಫ್ಟಾ? ಅನುಭವ ಇದ್ದವರು ಹೇಳಿ

ತೋಟದಮನೆ:
ನಮ್ಮದು 2023ರ ಮಾರುತಿ ಜಿಮ್ನಿ, ಮ್ಯಾನುಯಲ್. ಕೊಟ್ಟಿಗೆಹಾರದ ಹತ್ತಿರ ಕಾಫಿ ತೋಟ. ಡಾಂಬರು ಬಿಟ್ಟ ಮೇಲೆ ಮನೆವರೆಗೆ ಎರಡು ಕಿಲೋಮೀಟರ್ ಬರೀ ಕಲ್ಲು, ಕೊರಕಲು. ಮಳೆಗಾಲ ಮುಗಿಯುವ ಹೊತ್ತಿಗೆ ಎರಡು ಚಕ್ರದ ಜಾಡು ಇಳಿದು ನಡುವಿನ ದಿಂಡು ಎದ್ದುಬಿಡುತ್ತದೆ, ಗಾಡಿಯ ಅಡಿ ಬಡಿಯುತ್ತದೆ. ಹಿಂದಿನ ಸೀಟಲ್ಲಿ ಅಮ್ಮ ಕೂರುತ್ತಾರೆ, ಸೊಂಟನೋವು ಇದೆ, ಹಾಗಾಗಿ ಸಸ್ಪೆನ್ಷನ್ ಗಟ್ಟಿ ಆಗಬಾರದು. ಬಜೆಟ್ 60 ಸಾವಿರ. ಕಲ್ಲು ತಡೆಯೋಕೆ ಅಡಿ ಗಾರ್ಡ್ ಮೊದಲು ಹಾಕಿಸಲಾ, ಸ್ಪ್ರಿಂಗ್ ಬದಲಿಸಿ ಗಾಡಿ ಎತ್ತರ ಮಾಡುವ 40 ಎಂಎಂ ಲಿಫ್ಟ್ ಮಾಡಿಸಲಾ?

ಬಿಸಿಲೆ ಡಸ್ಟರ್:
ಲಿಫ್ಟ್ ಮಾತು ಆಮೇಲೆ. ಮೊದಲು ಗಾರ್ಡ್ ವಿಷಯ ಕೇಳಿ. ನಂದು 2016ರ ಡಸ್ಟರ್ ಆಲ್ ವೀಲ್ ಡ್ರೈವ್. ಗಾಡಿ ತಗೊಂಡಾಗಲೇ ಒಂದು ಆಕ್ಸೆಸರಿ ಅಂಗಡಿಯಲ್ಲಿ 3,200 ರೂಪಾಯಿಗೆ ಸಂಪ್ (ಇಂಜಿನ್ ಅಡಿಯ ಆಯಿಲ್ ತೊಟ್ಟಿ) ಗಾರ್ಡ್ ಹಾಕಿಕೊಟ್ಟರು. ಎರಡು ಎಂಎಂ ಕೂಡ ಇರಲಿಲ್ಲ, ಬರೀ ತಗಡು. ಹೊರಗಿಂದ ಕಪ್ಪು ಪೇಂಟ್ ಹೊಡೆದು ಹೊಳೆಸಿದ್ದರು. ಬಿಸಿಲೆ ಘಾಟಿ ಕೆಳಗೆ ಒಂದು ಕಲ್ಲು ತಾಗಿತು ನೋಡಿ, ಆ ತಗಡು ಮಡಚಿಕೊಂಡು ನೇರ ಆಯಿಲ್ ಸಂಪ್‌ಗೆ ಒತ್ತಿತು. ಸಂಪ್ ಬಿರುಕು. ರಸ್ತೆ ತುಂಬ ಆಯಿಲ್. ಗಾರ್ಡ್ ಇಲ್ಲದಿದ್ದರೆ ಕಲ್ಲು ಒಂದು ಕಡೆ ಉಜ್ಜಿ ಹೋಗುತ್ತಿತ್ತೋ ಏನೋ.

ಅಲ್ಲೇ ಇಂಜಿನ್ ಆಫ್ ಮಾಡಿದೆ. ಟೋಯಿಂಗ್‌ಗೆ 6,500 ಹೋಯಿತು. ಜೊತೆಗಿದ್ದವರು "ನಿಧಾನಕ್ಕೆ ಸುಬ್ರಹ್ಮಣ್ಯದ ತನಕ ಓಡಿಸು" ಅಂತ ಹಿಂದೆಬಿದ್ದರು, ನಾನು ಕೇಳಲಿಲ್ಲ. ಇನ್ಶೂರೆನ್ಸ್ ಸರ್ವೇಯರ್ ಬಂದು ಮೊದಲು ಕೇಳಿದ್ದೇ ಅದು: ಆಯಿಲ್ ಸೋರಿದ ಮೇಲೆ ಓಡಿಸಿದ್ದೀರಾ? ಓಡಿಸಿ ಇಂಜಿನ್ ಹಿಡಿದುಕೊಂಡಿದ್ದರೆ ಅದು ಆಮೇಲಿನ ನಷ್ಟ. ಇಂಜಿನ್ ಪ್ರೊಟೆಕ್ಟ್ ಆಡ್-ಆನ್ ಇಲ್ಲದವರಿಗೆ ಕಾಸು ಸಿಗೋದಿಲ್ಲ. ನನಗೆ ಸಂಪ್ ಕ್ಲೇಮ್ ಆಯಿತು.

ಆಮೇಲೆ ಹಾಸನದಲ್ಲಿ ಒಬ್ಬ ಫ್ಯಾಬ್ರಿಕೇಟರ್ ಹತ್ತಿರ ನಾನೇ ನಿಂತು ಮಾಡಿಸಿದೆ. 4 ಎಂಎಂ ಕಬ್ಬಿಣದ ಪ್ಲೇಟ್, 900ಕ್ಕೆ 750 ಎಂಎಂ. ತೂಕ 21 ಕೆಜಿ. ಪ್ಲೇಟ್‌ಗೆ 1,590, ಬೆಂಡಿಂಗ್ 900, ಬ್ರಾಕೆಟ್ ಮತ್ತು ವೆಲ್ಡಿಂಗ್ 1,800, ಪೌಡರ್ ಕೋಟಿಂಗ್ 1,400, ಹೈ ಟೆನ್ಸೈಲ್ ಬೋಲ್ಟ್ 240. ಒಟ್ಟು 5,930 ರೂಪಾಯಿ. ಮುಂದಿನ ಅಂಚನ್ನು ಮೇಲಕ್ಕೆ ಬಗ್ಗಿಸಿ, ಕಲ್ಲು ಜಾರಬೇಕು. ಸಂಪ್‌ಗೂ ಪ್ಲೇಟ್‌ಗೂ ನಡುವೆ ಎರಡು ಬೆರಳು ಜಾಗ ಬಿಡಿಸಿ. ಆಯಿಲ್ ಡ್ರೈನ್ ಬೋಲ್ಟ್ ಕೆಳಗೆ ತೂತು ಬೇಕೇಬೇಕು. ಇಲ್ಲದಿದ್ದರೆ ಪ್ರತಿ ಸರ್ವಿಸ್‌ಗೂ ಬಿಚ್ಚಿ ಹಾಕೋಕೆ ಲೇಬರ್ ಕೀಳುತ್ತಾರೆ. ಇದಾದ ಮೇಲೆ ಎಷ್ಟು ಕಲ್ಲು ಬಡಿದಿದೆಯೋ, ಪ್ಲೇಟ್ ಮೇಲೆ ಗೀರು ಬಿಟ್ಟರೆ ಏನೂ ಇಲ್ಲ.

ಐದ್ಬಾಗಿಲು:
ಡಸ್ಟರ್ ಕಥೆ ಜಿಮ್ನಿಗೆ ಯಾಕೆ? ಅದು ಮೊನೊಕಾಕ್, ಅಂದರೆ ಬಾಡಿಯೇ ಚೌಕಟ್ಟು; ಇದು ಬೇರೆ ಚೌಕಟ್ಟಿನ ಮೇಲೆ ಬಾಡಿ ಕೂರಿಸಿದ ಚಾಸಿ ಗಾಡಿ, ಹಿಂದೆ ಮುಂದೆ ಎರಡೂ ಗಟ್ಟಿ ಆಕ್ಸಲ್, ಅಂದರೆ ಎಡ ಬಲ ಚಕ್ರ ಸೇರಿಸುವ ಒಂದೇ ಅಡ್ಡ ದಂಡ. ನಾನು ಲಿಫ್ಟ್ ಮಾಡಿಸಿದವನು. ಲೆಕ್ಕ ಬರೆಯುತ್ತೇನೆ, ಯಾರೂ ಪೂರ್ತಿ ಹೇಳೋದಿಲ್ಲ.

50 ಎಂಎಂ ಕಿಟ್, ನಾಲ್ಕು ಸ್ಪ್ರಿಂಗ್ ನಾಲ್ಕು ಶಾಕ್ ಅಬ್ಸಾರ್ಬರ್: 1,18,000. ಕೊರಿಯರ್ 3,400. ಬೆಂಗಳೂರಿನ ಗ್ಯಾರೇಜ್‌ನಲ್ಲಿ ಫಿಟ್ಟಿಂಗ್ 12,000. ಅಲ್ಲಿಗೆ 1,33,400. ಗಾಡಿ ಹೊರಗೆ ತಂದೆ, ನೋಡೋಕೆ ಸಿಂಹದ ಹಾಗಿತ್ತು. ನೆಲಮಂಗಲ ದಾಟಿ 80ರಲ್ಲಿ ಹೋಗುವಾಗ ಒಂದು ಸಣ್ಣ ಗುಂಡಿ ಬಂತು. ಸ್ಟೀರಿಂಗ್ ಕೈಯಲ್ಲೇ ಗಡಗಡ ಅಲ್ಲಾಡೋಕೆ ಶುರು. 40ಕ್ಕೆ ಇಳಿಸುವ ತನಕ ನಿಲ್ಲಲಿಲ್ಲ. ಗ್ಯಾರೇಜ್‌ಗೆ ಫೋನ್ ಮಾಡಿದರೆ "ಟೈರ್ ಬ್ಯಾಲೆನ್ಸ್ ಮಾಡಿಸಿ ಸರ್, ಹೋಗುತ್ತೆ" ಅಂದರು. ಮಾಡಿಸಿದೆ. ಹೋಗಲಿಲ್ಲ.

ವಿಷಯ ಏನಂದರೆ, ಸ್ಪ್ರಿಂಗ್ ಎತ್ತರ ಮಾಡಿದಾಗ ಮುಂದಿನ ಆಕ್ಸಲ್ ಅದನ್ನು ಚಾಸಿಗೆ ಹಿಡಿದಿರುವ ರೇಡಿಯಸ್ ಆರ್ಮ್ ಜೊತೆ ತಿರುಗುತ್ತದೆ, ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆ ಆಗುತ್ತದೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಬರೋದು ಕ್ಯಾಸ್ಟರ್‌ನಿಂದ. ಗಟ್ಟಿ ಆಕ್ಸಲ್ ಗಾಡಿಯಲ್ಲಿ ಅಲೈನ್‌ಮೆಂಟ್ ಅಂಗಡಿಯವನು ಟೋ (ಚಕ್ರಗಳು ಒಳಗೆ ಹೊರಗೆ ತಿರುಗಿರುವ ಕೋನ) ಮಾತ್ರ ಸರಿ ಮಾಡಬಲ್ಲ, ಕ್ಯಾಸ್ಟರ್‌ಗೆ ಬೇರೆ ಬುಷ್ ಹಾಕಲೇಬೇಕು. ಜೊತೆಗೆ ಆಕ್ಸಲ್ ಪಕ್ಕಕ್ಕೆ ಜಾರದಂತೆ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಉದ್ದ ಹಳೆಯದೇ ಇದ್ದರೆ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. ಕ್ಯಾಸ್ಟರ್ ಬುಷ್ 7,200, ಪ್ರೆಸ್ ಮಾಡಿ ಹಾಕೋಕೆ 3,500, ಅಡ್ಜಸ್ಟ್ ಆಗುವ ಪ್ಯಾನ್‌ಹಾರ್ಡ್ ರಾಡ್ ಮುಂದಿನದು 11,500, ಹಿಂದಿನದು 10,500. ಒಟ್ಟು ಸೇರಿ 1,66,100. ಈ 32,700 ಮೊದಲೇ ಹೇಳೋದು ಆ ಗ್ಯಾರೇಜಿನ ಕೆಲಸ ಆಗಿತ್ತು. ಮುಚ್ಚಿಟ್ಟರು. ಬ್ರೇಕ್ ಹೋಸ್, ಎಬಿಎಸ್ ವೈರ್ ಎರಡೂ ಬಿಗಿ ಆಗಿದ್ದನ್ನು ನಾನೇ ಜ್ಯಾಕ್ ಹಾಕಿ, ಚಕ್ರ ತೂಗಾಡಿಸಿ ನೋಡಿ ಕಂಡುಹಿಡಿದೆ.

ಈಗ ಗಾಡಿ ಚಿನ್ನ. 100ರಲ್ಲೂ ನೇರ ಹೋಗುತ್ತದೆ. ಮಾಡಿಸಿದರೆ ಪೂರ್ತಿ ಮಾಡಿಸಿ.

ಸೋಮವಾರಪೇಟೆ ಟೈರ್:
1,66,100 ಕೊಟ್ಟು ಡಿಫರೆನ್ಷಿಯಲ್ (ಆಕ್ಸಲ್‌ನಲ್ಲಿರುವ ಗೇರ್ ಗುಂಡು) ಒಂದು ಎಂಎಂ ಆದರೂ ಮೇಲೆ ಬಂತಾ? ಬರೋದಿಲ್ಲ. ಗಟ್ಟಿ ಆಕ್ಸಲ್ ಗಾಡಿಯಲ್ಲಿ ಸ್ಪ್ರಿಂಗ್ ಕೂರೋದೇ ಆಕ್ಸಲ್ ಮೇಲೆ. ಸ್ಪ್ರಿಂಗ್ ಉದ್ದ ಮಾಡಿದರೆ ಬಾಡಿ ಮೇಲೆ ಹೋಗುತ್ತದೆ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಆಕ್ಸಲ್ ಮೇಲೆತ್ತೋದು ಟೈರ್ ಮಾತ್ರ. ಕಂಪನಿ ಟೈರ್ 195/80 ಆರ್15, ಎತ್ತರ ಸುಮಾರು 693 ಎಂಎಂ. ನಾನು ಹಾಕಿರೋದು 215/75 ಆರ್15 ಆಲ್ ಟೆರೇನ್, ಸುಮಾರು 703. ಸ್ಟೆಪ್ನಿ ಸೇರಿ ಐದು ಟೈರ್, ಒಂದಕ್ಕೆ 7,600ರಂತೆ 38,000. ಹಳೆಯ ಟೈರ್ ಮಾರಿ 14,000 ವಾಪಸ್ ಬಂತು. ಸಸ್ಪೆನ್ಷನ್ ಸ್ಟಾಕ್, ಕಂಪನಿಯದ್ದೇ. ತೋಟದ ಒಳಗೆ ಟೈರ್ ಗಾಳಿ 20 ಪಿಎಸ್‌ಐಗೆ ಇಳಿಸಿ, 4ಎಲ್ (ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರ್) ಹಾಕಿ, ಆಕ್ಸಿಲರೇಟರ್ ಮುಟ್ಟದೆ ಹತ್ತಿಸುತ್ತೇನೆ. ಜುಲೈ ಮಳೆಯಲ್ಲೂ ನಿಂತಿಲ್ಲ.

ಐದ್ಬಾಗಿಲು:
ಅಂದರೆ ಆಕ್ಸಲ್ ಕೆಳಗೆ ಐದು ಎಂಎಂ ಸಿಕ್ಕಿತು. ಐದು ಎಂಎಂಗೆ 38,000. ನೀವು ನನ್ನ ಲೆಕ್ಕ ಕೇಳ್ತೀರಾ?

ಇಲ್ಲಿ ಮಾರುವ ಐದು ಬಾಗಿಲಿನ ಜಿಮ್ನಿಗೆ ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರಗಳ ಅಂತರ) 2,590 ಎಂಎಂ. ಹೊರದೇಶದ ಮೂರು ಬಾಗಿಲಿಂದು 2,250. ನಡುವೆ 340 ಎಂಎಂ ಜಾಸ್ತಿ. ದಿಂಡು ಹತ್ತುವಾಗ ಬಡಿಯೋದು ಹೊಟ್ಟೆ, ಅಂದರೆ ಟ್ರಾನ್ಸ್‌ಫರ್ ಕೇಸ್ (ಎರಡೂ ಆಕ್ಸಲ್‌ಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹತ್ತಿರದ ಭಾಗ. ಅದಕ್ಕೆ ಲಿಫ್ಟ್ ಕೆಲಸ ಮಾಡುತ್ತದೆ. ಆಕ್ಸಲ್ ಒಂದೇ ಹಿಡಿದುಕೊಂಡು ಪಾಠ ಮಾಡಬೇಡಿ.

ಸೋಮವಾರಪೇಟೆ ಟೈರ್:
ಉದ್ದ ದಿಂಡಿನ ಮೇಲೆ ಮೊದಲು ತಾಗೋದು ಡಿಫರೆನ್ಷಿಯಲ್ ಗುಂಡೇ. ಒಂದು ಚಕ್ರ ದಿಂಡಿನ ಮೇಲೆ, ಇನ್ನೊಂದು ಪಕ್ಕದ ಅಂಚಿಗೆ ಇಟ್ಟು ಓಡಿಸೋಕೆ ಬಂದರೆ ಎರಡೂ ತಾಗೋದಿಲ್ಲ. ಟೈರ್ ಹಾಕಿದ್ದು ಐದು ಎಂಎಂಗಲ್ಲ, ಪಕ್ಕದ ಗೋಡೆ ಗಟ್ಟಿ ಇರಲಿ ಅಂತ. ಕತ್ತಿ ಹಾಗೆ ನಿಂತಿರುವ ಕಲ್ಲಿಗೆ ಸ್ಟಾಕ್ ಟೈರಿನ ಸೈಡ್‌ವಾಲ್ ಸೀಳಿ ಹೋಗುತ್ತಿತ್ತು.

ಬ್ರೆಜ್ಜಾ ಉಡುಪಿ:
ನಾನು ಇಷ್ಟೆಲ್ಲ ಖರ್ಚೇ ಮಾಡಿಲ್ಲ. ಹಿಂದಿನ ಸ್ಪ್ರಿಂಗ್ ನಡುವೆ ರಬ್ಬರ್ ಬಫರ್ ಹಾಕಿಸಿದೆ, ಜೋಡಿಗೆ 2,800. ಐದು ಜನ ಕೂತು ಡಿಕ್ಕಿ ತುಂಬ ಲಗೇಜ್ ಹಾಕಿದರೂ ಹಿಂದೆ ಕುಸಿಯೋದಿಲ್ಲ. ಹಂಪ್‌ನಲ್ಲಿ ಅಡಿ ಉಜ್ಜೋದು ನಿಂತಿದೆ. ನಮ್ಮ ಕಡೆ ಮುರಕಲ್ಲಿನ ರಸ್ತೆ, ಗೊತ್ತಲ್ವಾ. ಸಾಕು ಇಷ್ಟು.

ಲೇತ್ ಮೇಸ್ತ್ರಿ:
ಬಫರ್ ಬಗ್ಗೆ ಒಂದು ಮಾತು, ನಾನು ಗ್ಯಾರೇಜ್ ಇಟ್ಟವನು. ಬಫರ್ ಹಾಕಿದ ಸುತ್ತು ಅರ್ಧ ಲಾಕ್ ಆಗುತ್ತದೆ. ಉಳಿದ ಸುತ್ತುಗಳು ಜಾಸ್ತಿ ದುಡಿಯುತ್ತವೆ. ಶಾಕ್ ಹಳೆಯದೇ ಇರುತ್ತದೆ, ಅದಕ್ಕೆ ಆ ಗಟ್ಟಿ ಸ್ಪ್ರಿಂಗ್ ಹಿಡಿಯೋ ತಾಕತ್ತು ಇರೋದಿಲ್ಲ, ಗಾಡಿ ಕುಪ್ಪಳಿಸುತ್ತದೆ. ಲೋಡ್ ಇದ್ದಾಗ ಚೆನ್ನಾಗಿರುತ್ತದೆ, ಖಾಲಿ ಇದ್ದಾಗ ಹಿಂದೆ ಕೂತವರ ಸೊಂಟ ಹೋಗುತ್ತದೆ. ಸ್ಪ್ರಿಂಗ್‌ಗೆ ಸ್ಪೇಸರ್ (ದಪ್ಪ ಬಿಲ್ಲೆ) ಇಟ್ಟು ಎತ್ತರ ಮಾಡೋದು ಇನ್ನೂ ಕೆಟ್ಟದ್ದು. ಶಾಕ್ ಉದ್ದ ಅಷ್ಟೇ ಇರುವುದರಿಂದ ಗುಂಡಿಗೆ ಚಕ್ರ ಇಳಿಯುವ ಮೊದಲೇ ಶಾಕ್ ಪೂರ್ತಿ ಎಳೆದು ಟಕ್ ಅಂತ ಬಡಿಯುತ್ತದೆ.

ಬ್ರೆಜ್ಜಾ ಉಡುಪಿ:
ಮೇಸ್ತ್ರಿಗಳೇ, 2,800ರ ಕೆಲಸದಲ್ಲಿ ನಿಮಗೆ ಲಾಭ ಇಲ್ಲ, ಅದಕ್ಕೆ ಬೇಡ ಅಂತೀರಿ. ನನ್ನ ಗಾಡಿ ಕುಪ್ಪಳಿಸೋದಿಲ್ಲ ಮಾರಾಯ್ರೆ. ಬಂದು ಕೂತು ನೋಡಿ.

ಲೇತ್ ಮೇಸ್ತ್ರಿ:
ಸ್ಪ್ರಿಂಗ್ ಮುರಿದು ಬಂದ ಗಾಡಿಗಳನ್ನು ಬಿಚ್ಚುವವನು ನಾನು. ಲಾಭದ ಮಾತು ಬೇಡ.

ಕಳಸದ ಜಿಪ್ಸಿ:
ಎಲ್ಲರೂ ದುಡ್ಡು ಸುರಿಯೋಕೆ ನಿಂತಿದ್ದೀರಿ. ನಮ್ಮ ಮನೆಯಲ್ಲಿ ಇವತ್ತಿಗೂ ಜಿಪ್ಸಿ. ಮುಂದೆ ಹಿಂದೆ ಪಟ್ಟಾ ಸ್ಪ್ರಿಂಗ್. ಪಟ್ಟಾ ಮುರಿದರೆ ಕಳಸದಲ್ಲೇ ಸಿಗುತ್ತದೆ, ಸಂಜೆಗೆ ಗಾಡಿ ರೆಡಿ. 1985ರಲ್ಲಿ ಬಂದ ಗಾಡಿ, 2019ರ ತನಕ ಮಾಡಿದರು, ಸೈನ್ಯಕ್ಕೂ ಕೊಟ್ಟರು. ಕ್ಯಾಸ್ಟರ್ ಬುಷ್ ಅನ್ನೋ ಮಾತು ನಾವು ಕೇಳಿರಲಿಲ್ಲ. ಬಂಪರ್ ಮುಂದೆ ನಾನೇ ಕೂಡಿಸಿದ ಬುಲ್ ಬಾರ್ ಇದೆ, ಎರಡಿಂಚು ಪೈಪಿನ ತಡೆ. ರಾತ್ರಿ ಕುದುರೆಮುಖದ ದಾರಿಯಲ್ಲಿ ಕಾಡುಹಂದಿ ಅಡ್ಡ ಬಂದಾಗ ರೇಡಿಯೇಟರ್ ಉಳಿಸಿದ್ದು ಅದೇ. ತೋಟದಮನೆಯವರೇ, ಅಡಿ ಗಾರ್ಡ್‌ಗಿಂತ ಮೊದಲು ಬುಲ್ ಬಾರ್ ಹಾಕಿಸಿ.

ಬಿಸಿಲೆ ಡಸ್ಟರ್:
ದಯವಿಟ್ಟು ಇಂಥ ಸಲಹೆ ಕೊಡಬೇಡಿ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ಹೀಗೆ ಗಾಡಿ ಬದಲಿಸೋ ಹಾಗಿಲ್ಲ. 2019ರ ತಿದ್ದುಪಡಿ ಆದ ಮೇಲೆ ಒಂದೊಂದು ಬದಲಾವಣೆಗೂ ಐದು ಸಾವಿರ ದಂಡ, ಆರು ತಿಂಗಳ ತನಕ ಜೈಲೂ ಇದೆ. ಜಿಮ್ನಿಯಲ್ಲಿ ಏರ್‌ಬ್ಯಾಗ್ ಇದೆ, ನಿಮ್ಮ ಜಿಪ್ಸಿಯಲ್ಲಿ ಇಲ್ಲ. ಬಾರ್ ಮೊದಲು ಪೆಟ್ಟು ತಿಂದರೆ ಸೆನ್ಸರ್‌ಗೆ ಸರಿಯಾದ ಹೊತ್ತಿಗೆ ಗೊತ್ತಾಗೋದಿಲ್ಲ. ಬಾರ್ ನೇರ ಚಾಸಿಗೆ ಬೋಲ್ಟ್ ಆಗಿರುವುದರಿಂದ ಪೆಟ್ಟೆಲ್ಲ ಒಳಗೆ ಕೂತವರಿಗೆ ಬರುತ್ತದೆ. ನಡೆದು ಹೋಗುವವರಿಗೆ ತಾಗಿದರಂತೂ ಕೇಳಲೇಬೇಡಿ.

ಕಳಸದ ಜಿಪ್ಸಿ:
ಕಾನೂನು ಬೆಂಗಳೂರಿನಲ್ಲಿ ಕೂತು ಹೇಳೋದು ಸುಲಭ. ಕಾಟಿ (ಕಾಡುಕೋಣ) ಅಡ್ಡ ಬಂದರೆ ನಿಮ್ಮ ಸೆಕ್ಷನ್ 52 ತಡೆಯುತ್ತದಾ?

ಬಿಸಿಲೆ ಡಸ್ಟರ್:
ನಾನು ಬೆಂಗಳೂರಿನವನಲ್ಲ, ಸಕಲೇಶಪುರದವನು. ನಮ್ಮಲ್ಲಿ ಆನೆಯೇ ಓಡಾಡುತ್ತದೆ. ಕಾಟಿಗೆ ಎರಡಿಂಚು ಪೈಪ್ ಲೆಕ್ಕಕ್ಕೇ ಇಲ್ಲ. ರಾತ್ರಿ 40ರಲ್ಲಿ ಓಡಿಸಿ, ಅದೇ ರಕ್ಷಣೆ.

ತೋಟದಮನೆ:
ಎಲ್ಲರಿಗೂ ಥ್ಯಾಂಕ್ಸ್. ಗಾರ್ಡ್‌ಗೆ ಕಬ್ಬಿಣ ಒಳ್ಳೆಯದಾ, ಅಲ್ಯೂಮಿನಿಯಮ್ಮಾ? ಅಮ್ಮನ ಸೊಂಟದ ವಿಷಯ ಯಾರೂ ಹೇಳಲಿಲ್ಲ.

ಲೇತ್ ಮೇಸ್ತ್ರಿ:
ಅದೇ ಅಳತೆಗೆ 6 ಎಂಎಂ ಅಲ್ಯೂಮಿನಿಯಂ ಹಾಕಿದರೆ ಸುಮಾರು 11 ಕೆಜಿ, 4 ಎಂಎಂ ಕಬ್ಬಿಣದ ಅರ್ಧ ತೂಕ. ತುಕ್ಕಿನ ತಲೆನೋವು ಕಡಿಮೆ. ಆದರೆ ಮೆತ್ತಗಿರುವುದರಿಂದ ಚೂಪು ಕಲ್ಲು ಅದನ್ನು ಕಚ್ಚಿ ಹಿಡಿಯುತ್ತದೆ, ಗಾಡಿ ನಿಂತುಬಿಡುತ್ತದೆ. ಕಬ್ಬಿಣ ಜಾರುತ್ತದೆ. ತೋಟದ ರಸ್ತೆಗೆ ಕಬ್ಬಿಣವೇ ಸರಿ. ಜಿಮ್ನಿಗೆ ಸಂಪ್ ಒಂದೇ ಸಾಲದು, ಟ್ರಾನ್ಸ್‌ಫರ್ ಕೇಸ್ ಮತ್ತು ಎರಡು ಡಿಫರೆನ್ಷಿಯಲ್‌ಗೂ ಹಾಕಿಸಿ. ನಿಮ್ಮ 60 ಸಾವಿರದಲ್ಲಿ ಆರಾಮಾಗಿ ಆಗುತ್ತದೆ. ಗಾರ್ಡ್ ಒಳಗೆ ಕೆಸರು ಕೂತು ಮಳೆಗಾಲ ಪೂರ್ತಿ ಒದ್ದೆ ಇರುತ್ತದೆ, ಪೈಪ್ ಹಾಕಿ ತೊಳೀತಾ ಇರಿ. ಅಮ್ಮ ಕೂರೋದಾದರೆ ಹೆವಿ ಸ್ಪ್ರಿಂಗ್ ಬೇಡವೇ ಬೇಡ. ಸ್ಟಾಕ್ ಸ್ಪ್ರಿಂಗ್ ಇರಲಿ, ಟೈರ್ ಗಾಳಿ ಸ್ವಲ್ಪ ಇಳಿಸಿ.

ಐದ್ಬಾಗಿಲು:
ಹೆವಿ ಸ್ಪ್ರಿಂಗ್ ಗಟ್ಟಿ ಅನ್ನೋದು ಎಲ್ಲ ಕಿಟ್‌ಗೂ ನಿಜ ಅಲ್ಲ. ಖಾಲಿ ಗಾಡಿಗೆ, ಐವತ್ತು ಕೆಜಿ ಲೋಡಿಗೆ, ನೂರಕ್ಕಿಂತ ಜಾಸ್ತಿ ಲೋಡಿಗೆ ಅಂತ ಬೇರೆ ಬೇರೆ ಸ್ಪ್ರಿಂಗ್ ಬರುತ್ತವೆ. ನನ್ನ ಹಿಂದಿನ ಸೀಟು ಸ್ಟಾಕ್‌ಗಿಂತ ಮೆತ್ತಗಿದೆ.

ಸೋಮವಾರಪೇಟೆ ಟೈರ್:
50 ಎಂಎಂ ಎತ್ತಿದ ಗಾಡಿಗೆ ಸೊಂಟನೋವು ಇರುವವರು ಹತ್ತೋದು ಹೇಗೆ, ಅದನ್ನೂ ಹೇಳಿ. ಮತ್ತೆ ನಿಮ್ಮ ಗಾಡಿ 100ರಲ್ಲಿ ನೇರ ಹೋಗುತ್ತದೆ ಅಂದರಲ್ಲ, ಮಳೆಯಲ್ಲಿ ಚಾರ್ಮಾಡಿ ತಿರುವಿನಲ್ಲಿ ಹೇಗೆ?

ಐದ್ಬಾಗಿಲು:
ಪಕ್ಕಕ್ಕೆ ಫುಟ್‌ಸ್ಟೆಪ್ ಇದೆ, 9,000. ಚಾರ್ಮಾಡಿಯಲ್ಲಿ 30ಕ್ಕಿಂತ ಮೇಲೆ ಯಾರು ಓಡಿಸ್ತಾರೆ? ನೀವು 20 ಪಿಎಸ್‌ಐನಲ್ಲೇ ಡಾಂಬರು ಹತ್ತಿ ಮಡಿಕೇರಿಗೆ ಹೋಗ್ತೀರಾ? ಟೈರ್ ಕಾದು ಸಿಡಿಯುತ್ತದೆ.

ಸೋಮವಾರಪೇಟೆ ಟೈರ್:
ಡಿಕ್ಕಿಯಲ್ಲಿ 12 ವೋಲ್ಟ್ ಕಂಪ್ರೆಸರ್ ಇದೆ, 4,200. ಗೇಟ್ ದಾಟಿದ ಕೂಡಲೇ ಗಾಳಿ ತುಂಬುತ್ತೇನೆ. ನೀವು ಮಾತು ತಿರುಗಿಸಬೇಡಿ. ಬುಷ್ ಹಾಕಿಸಿದ ಮೇಲಿನ ಅಲೈನ್‌ಮೆಂಟ್ ಶೀಟ್ ಫೋಟೋ ಹಾಕಿ. ಎಡ ಬಲ ಎರಡೂ ಕಡೆಯ ಕ್ಯಾಸ್ಟರ್ ಅಂಕಿ ಕಾಣಲಿ, ಆಮೇಲೆ ಚಿನ್ನ ಅಂತ ಹೇಳಿ.